ಹಳೇ ಕಾರಿನ ಜಾತಕ

ಗೆಳೆಯರೇ, ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. "ಏನ್ರೀ, ಸನ್ಯಾಸ ತಗೊಂಡ್ರಾ?" ಅಂತ ಇಬ್ಬರು ಮೂವರು ಮೇಲ್ ಮಾಡಿ ವಿಚಾರಿಸಿದ್ರಿ. ಸನ್ಯಾಸ ಅಲ್ಲ, ಬರೀ ಸೋಮಾರಿತನ :-) ಇವತ್ತು ಕೂತಿದ್ದೀನಿ, ಸ್ವಲ್ಪ ಉದ್ದವಾಗೇ ಬರೀತೀನಿ. ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ನಾನಿರೋದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ ಅಂತ ಹಳೇ ಓದುಗರಿಗೆ ಗೊತ್ತು. ಇಲ್ಲಿ ಪ್ರತಿ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಅನ್ನೋ ದೊಡ್ಡ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತೆ. 1995ರಲ್ಲಿ ಶುರುವಾಗಿದ್ದು. ಜಾತ್ರೆ ಅಂತ ಸುಮ್ನೆ ಅಂದಿದ್ದಲ್ಲ, ನಮ್ಮ ರಥಬೀದಿ ಥರಾನೇ ಇರುತ್ತೆ. ರಸ್ತೆಯ ಎರಡೂ ಕಡೆ ಮಡಚೋ ಕುರ್ಚಿ ಹಾಕ್ಕೊಂಡು ಜನ ಕೂತಿರ್ತಾರೆ, ನಡುವೆ ತೇರುಗಳು ಗುಡುಗುಡು ಅಂತ ಹೋಗ್ತಿರ್ತವೆ. ಮೊದಲ ವರ್ಷ ನಾನು ಹೋಗಿದ್ದು ಬರೀ ಬಣ್ಣ ನೋಡೋಕೆ. ಈಗ ಬಣ್ಣ ನೋಡಲ್ಲ, ರಿವೆಟ್ ನೋಡ್ತೀನಿ. ಹಾಗೆ ಕೆಡಿಸಿದವರು ನಮ್ಮ ಪಕ್ಕದ ಮನೆ ಯಜಮಾನರು.

ಅವರು ಕಾರು ಫ್ಯಾಕ್ಟರಿಯಲ್ಲೇ ದುಡಿದು ರಿಟೈರ್ ಆದವರು. ಹರೆಯದಲ್ಲಿ ಕೊಳ್ಳೋಕಾಗದ ಕಾರನ್ನ ರಿಟೈರ್ ಆದ ಮೇಲೆ ಉಳಿತಾಯದ ದುಡ್ಡು ಹಾಕಿ ಕೊಂಡರು. 1970ರ ಶೆವ್ರೊಲೆ ಶೆವೆಲ್, ಎಸ್ಎಸ್ 396. ಕೆಂಪು ಮೈ, ಮೂಗಿನ ಮೇಲೆ ಎರಡು ಕಪ್ಪು ಪಟ್ಟೆ. ಮಾರಿದವನು "ಎಲ್ಲಾ ಒರಿಜಿನಲ್, ನಂಬರ್ ಮ್ಯಾಚಿಂಗ್" ಅಂದಿದ್ದ. ಒಂದು ವರ್ಷ ಯಜಮಾನರು ಅದನ್ನ ಮಗು ಥರ ಒರೆಸಿ ಒರೆಸಿ ಇಟ್ಟುಕೊಂಡಿದ್ರು. ಆಮೇಲೆ ಒಂದು ಭಾನುವಾರ ಅವರ ಹಳೇ ಸ್ನೇಹಿತರೊಬ್ಬರು ಬಂದು, ಟಾರ್ಚು ಹಿಡಿದು, ಅರ್ಧ ಗಂಟೆ ಬಾನೆಟ್ ಒಳಗೆ ತಲೆ ತೂರಿಸಿ ನೋಡಿದ್ರು. ಎದ್ದು ಕೈ ಒರೆಸಿಕೊಂಡು ಹೇಳಿದ್ದು ಒಂದೇ ಮಾತು: "ಈ ಕಾರು ಹುಟ್ಟಿದ್ದು ಫೆಬ್ರವರಿಯಲ್ಲಿ. ಇಂಜಿನ್ನು ಹುಟ್ಟಿದ್ದು ಮೇ ತಿಂಗಳಲ್ಲಿ."

ಬೇಲಿ ಪಕ್ಕ ನಿಂತಿದ್ದ ನನಗೆ ಅರ್ಥ ಆಗ್ಲಿಲ್ಲ. ಯಜಮಾನರಿಗೆ ಆಯ್ತು. ಅವರ ಮುಖ ನೋಡೋಕಾಗ್ಲಿಲ್ಲ.

ಆ ಒಂದು ವಾಕ್ಯ ಅರ್ಥ ಮಾಡ್ಕೊಳ್ಳೋಕೆ ಹೋಗಿ ನಾನು ಹಿಡಿದ ದಾರಿಯೇ ಈ ಲೇಖನ.

*

ಊರಲ್ಲಿ ಅಪ್ಪ ಸ್ಕೂಟರ್ ಮಾರಿದಾಗ ಆರ್.ಟಿ.ಓ. ಏಜೆಂಟು ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತಗೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಗಾಡಿಗೆ ಒಂದು ನಂಬರ್ ಇರುತ್ತೆ, ಆ ನಂಬರೇ ಅದರ ಗುರುತು ಅಂತ ನಮಗೆಲ್ಲ ಗೊತ್ತು. ಇವತ್ತು ಆ ನಂಬರ್ 17 ಅಕ್ಷರದ್ದು. ಅಮೆರಿಕದಲ್ಲಿ ಈ 17ರ ಲೆಕ್ಕ ಕಡ್ಡಾಯವಾಗಿದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ಕೆಲವರ ನಂಬರ್ ಎಲ್ಲಾ ಬಾಯಿ ಬಿಡ್ತಿತ್ತು, ಕೆಲವರದ್ದು ಅರ್ಧ ಮಾತ್ರ.

ಕ್ರೈಸ್ಲರ್ ಕಂಪನಿಯವರದ್ದು ಬಾಯಿಬಡುಕ ನಂಬರ್. 1971ರ ಪ್ಲಿಮತ್ ಬರ್ರಾಕುಡಾ ಕನ್ವರ್ಟಿಬಲ್ ಒಂದರ ನಂಬರ್ ಬಿಎಸ್27ಆರ್1ಬಿ ಅಂತ ಶುರುವಾಗುತ್ತೆ ಅನ್ನಿ. ಬಿ ಅಂದರೆ ಬರ್ರಾಕುಡಾ, 27 ಅಂದರೆ ಕನ್ವರ್ಟಿಬಲ್, 1 ಅಂದರೆ 1971, ಕೊನೆಯ ಬಿ ಅಂದರೆ ಡೆಟ್ರಾಯಿಟಿನೊಳಗೇ ಇರೋ ಹ್ಯಾಮ್‌ಟ್ರಾಮಿಕ್ ಊರಿನ ಫ್ಯಾಕ್ಟರಿ. ನಡುವಿನ ಆ 'ಆರ್' ಇದೆಯಲ್ಲ, ಅದೇ ಎಲ್ಲಾ. ಅದು 426 ಹೆಮಿ ಇಂಜಿನ್ನಿನ ಗುರುತು. ಅಂಥ ಕಾರು ಆ ವರ್ಷ ಬೆರಳೆಣಿಕೆಯಷ್ಟು ಮಾತ್ರ ತಯಾರಾದವು. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಅದರಲ್ಲೊಂದು 35 ಲಕ್ಷ ಡಾಲರಿಗೆ ಹೋಯ್ತು! ಒಂದು ಅಕ್ಷರದ ಬೆಲೆ ನೋಡಿ.

ಶೆವ್ರೊಲೆ ಮಾತ್ರ ಮಿತಭಾಷಿ. 1966ರಿಂದ 68ರವರೆಗೆ ಶೆವೆಲ್ ಎಸ್ಎಸ್ 396 ಕಾರಿಗೆ 138 ಅನ್ನೋ ಬೇರೆ ಸರಣಿ ಸಂಖ್ಯೆ ಇತ್ತು. ನಂಬರ್ ಓದಿದರೆ ಸಾಕು, ಗೊತ್ತಾಗ್ತಿತ್ತು. 1969ರಲ್ಲಿ ಕಂಪನಿ ಎಸ್ಎಸ್ ಅನ್ನೋದನ್ನ ಮಾಲಿಬು ಕಾರಿಗೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳೋ ಐಟಮ್ ಮಾಡಿಬಿಡ್ತು. ಮಸಾಲೆ ದೋಸೆಗೆ ಬೆಣ್ಣೆ ಎಕ್ಸ್ಟ್ರಾ ಅನ್ನೋ ಹಾಗೆ. ಅದರಿಂದ ಏನಾಯ್ತು? 1970ರ ವಿ-8 ಇಂಜಿನ್ನಿನ ಸಾದಾ ಮಾಲಿಬು, ಶಾಲೆಗೆ ಮಕ್ಕಳನ್ನ ಬಿಟ್ಟು ಬರೋ ಕಾರು, ಅದರ ನಂಬರೂ 13637 ಅಂತಲೇ ಶುರು. 454 ಇಂಜಿನ್ ಹಾಕಿದ, 450 ಅಶ್ವಶಕ್ತಿಯ ರಾಕ್ಷಸ ಎಸ್ಎಸ್ ನಂಬರೂ 13637 ಅಂತಲೇ ಶುರು. ನಂಬರಿನಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇಲ್ಲ.

ಆಗ ಅದು ಯಾರಿಗೂ ತೊಂದರೆ ಅನ್ನಿಸಲಿಲ್ಲ. ಐವತ್ತು ವರ್ಷ ಆದ ಮೇಲೆ ಯಾರೋ ಟಾರ್ಚ್ ಹಿಡಿದು ಬಂದು ಕೇಳ್ತಾರೆ ಅಂತ ಯಾರಿಗೆ ಗೊತ್ತಿತ್ತು?

*

ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಲೆಮಾನ್ಸ್ ಕಾರಿಗೆ ದೊಡ್ಡ ಕಾರಿನ 389 ಇಂಜಿನ್ ಹಾಕಿ ಜಿಟಿಓ ಅಂತ ಹೆಸರಿಟ್ಟು ಮಾರಿತು. ಹೆಚ್ಚಿಗೆ ಕೊಡಬೇಕಾಗಿದ್ದು ಸುಮಾರು 295 ಡಾಲರ್. ಹುಡುಗರು ಮುಗಿಬಿದ್ದರು. ಉಳಿದ ಕಂಪನಿಗಳೂ ಅದೇ ಅಡುಗೆ ಶುರು ಮಾಡಿದವು: ಸಾಧಾರಣ ಕಾರು, ಅಸಾಧಾರಣ ಇಂಜಿನ್. ಇವನ್ನೇ ಮಸಲ್ ಕಾರ್ ಅಂತಾರೆ. ನಾನು ಮೇಲೆ ಹೇಳಿದ ವುಡ್‌ವರ್ಡ್ ರಸ್ತೆಯಲ್ಲೇ ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ನಡೀತಿತ್ತಂತೆ.

ಆ ಸಂಭ್ರಮ ಹತ್ತು ವರ್ಷವೂ ಉಳಿಯಲಿಲ್ಲ. ಹೊಗೆ ಕಡಿಮೆ ಮಾಡೋ ಕಾನೂನು ಬಂತು, ಇನ್ಶೂರೆನ್ಸ್ ದುಬಾರಿಯಾಯ್ತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಗ್ಯಾಲನ್ನಿಗೆ ಹತ್ತು ಮೈಲಿ ಓಡೋ ಕಾರು ಯಾರಿಗೆ ಬೇಕು? ಸೆಕೆಂಡ್ ಹ್ಯಾಂಡ್ ಆಗಿ ಕಾಲೇಜು ಹುಡುಗರ ಕೈ ಸೇರಿದವು. ಅವರು ಓಡಿಸಿದರು, ಗುದ್ದಿದರು, ಇಂಜಿನ್ ಸುಟ್ಟರು. ಸುಟ್ಟ ಇಂಜಿನ್ ಗುಜರಿಗೆ ಹೋಯ್ತು, ಗುಜರಿಯಿಂದ ಇನ್ನೊಂದು ಬಂತು. ಬಣ್ಣ ಬೇಜಾರಾದರೆ ಬೇರೆ ಬಣ್ಣ ಹೊಡೆದರು. ಅದರಲ್ಲಿ ಮೋಸ ಏನೂ ಇರಲಿಲ್ಲ ನೋಡಿ. ಆಗ ಅದೊಂದು ಹಳೇ ಕಾರು ಅಷ್ಟೆ.

ಮೋಸ ಶುರುವಾಗಿದ್ದು ಆ ಹುಡುಗರು ನಲವತ್ತು ದಾಟಿ, ಕೈಯಲ್ಲಿ ದುಡ್ಡು ಓಡಾಡತೊಡಗಿ, ಕಳಕೊಂಡಿದ್ದ ಕಾರನ್ನ ಹುಡುಕೋಕೆ ಹೊರಟಾಗ. ಬೆಲೆ ಏರಿತು. ಬೆಲೆ ಏರಿದ ಕೂಡಲೇ ಸಾದಾ ಮಾಲಿಬುಗಳು ಒಂದೊಂದಾಗಿ ಎಸ್ಎಸ್ ಆಗತೊಡಗಿದವು. ಬ್ಯಾಡ್ಜು, ಪಟ್ಟೆ, ಗ್ರಿಲ್ಲು, ಎಲ್ಲಾ ಹೊಸದಾಗಿ ತಯಾರಾಗಿ ಕ್ಯಾಟಲಾಗಿನಲ್ಲಿ ಸಿಗುತ್ತೆ. ಅಷ್ಟೇ ಯಾಕೆ, ಕಂಪನಿಗಳ ಲೈಸೆನ್ಸ್ ಪಡೆದು 60ರ ದಶಕದ ಮಸ್ಟಾಂಗ್, ಕಮಾರೋ ಕಾರುಗಳ ಇಡೀ ಹೊಸ ಬಾಡಿಯನ್ನೇ ಮಾಡಿ ಮಾರುವವರಿದ್ದಾರೆ. ಹಳೇ ಕಾರಿನವರಲ್ಲಿ ಒಂದು ಜೋಕ್ ಇದೆ: ಕಂಪನಿ ತಯಾರಿಸಿದ್ದು ಐದು ಸಾವಿರ, ಅದರಲ್ಲಿ ಈಗ ಉಳಿದಿರೋದು ಹತ್ತು ಸಾವಿರ :-)

*

ಈಗ ಫೆಬ್ರವರಿ-ಮೇ ಲೆಕ್ಕಕ್ಕೆ ಬರೋಣ.

ಇಂಜಿನ್ನಿನ ಕಬ್ಬಿಣದ ಬ್ಲಾಕ್ ಎರಕ ಹೊಯ್ಯುವಾಗ ಆ ದಿನದ ತಾರೀಕು ಅಚ್ಚಿನಲ್ಲೇ ಇರ್ತಿತ್ತು. ಉಬ್ಬಿದ ಅಕ್ಷರ, ಅಳಿಸೋದು ಸುಲಭವಲ್ಲ. ಶೆವ್ರೊಲೆ ಪದ್ಧತಿಯಲ್ಲಿ ತಿಂಗಳಿಗೊಂದು ಅಕ್ಷರ, ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹೀಗೆ. 'ಇ 14 0' ಅಂದರೆ 1970ರ ಮೇ 14. ಆಮೇಲೆ ಆ ಬ್ಲಾಕಿಗೆ ಉಳಿದ ಭಾಗ ಜೋಡಿಸಿ ಇಂಜಿನ್ ಆದ ದಿನ ಮುಂಭಾಗದ ನುಣುಪು ಜಾಗದಲ್ಲಿ ಇನ್ನೊಂದು ತಾರೀಕು ಒತ್ತುತ್ತಿದ್ದರು. ಟಿ ಅಂತ ಶುರುವಾದರೆ ಅದು ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಫ್ಯಾಕ್ಟರಿಯದ್ದು. ಈ ದೊಡ್ಡ ಇಂಜಿನ್‌ಗಳು ತಯಾರಾಗ್ತಿದ್ದದ್ದು ಅಲ್ಲೇ. ಕೊನೆಗೆ ಇಂಜಿನ್ನು ಕಾರಿಗೆ ಕೂತಾಗ, ಕಾರಿನ ನಂಬರಿನ ಒಂದು ಭಾಗವನ್ನ ಅದೇ ಜಾಗದಲ್ಲಿ ಒತ್ತುತ್ತಿದ್ದರು. ಇದು ಕಾರಿನ ನಂಬರಿಗೆ ತಾಳೆಯಾದರೆ 'ನಂಬರ್ ಮ್ಯಾಚಿಂಗ್'. ಇನ್ನು ಬಾನೆಟ್ ತೆಗೆದರೆ ಗಾಜಿನ ಕೆಳಗೆ ಬಾಡಿಯ ಸಣ್ಣ ತಗಡಿನ ಪಟ್ಟಿ ಇರುತ್ತೆ. ಅದರಲ್ಲಿ '02ಸಿ' ಅಂತಿದ್ದರೆ ಬಾಡಿ ತಯಾರಾಗಿದ್ದು ಎರಡನೇ ತಿಂಗಳ ಮೂರನೇ ವಾರ.

ಅಂದರೆ ಕ್ರಮ ಹೀಗಿರಬೇಕು: ಮೊದಲು ಎರಕ, ಆಮೇಲೆ ಇಂಜಿನ್, ಆಮೇಲೆ ಕಾರು. ನಮ್ಮ ಯಜಮಾನರ ಕಾರಿನಲ್ಲಿ ಬಾಡಿ 02ಸಿ, ಬ್ಲಾಕು ಇ 14 0. ಕಾರು ಫ್ಯಾಕ್ಟರಿ ಬಿಟ್ಟು ಎರಡು ತಿಂಗಳ ಮೇಲಾದಾಗ ಅದರ ಇಂಜಿನ್ನು ಇನ್ನೂ ಕರಗಿದ ಕಬ್ಬಿಣವಾಗಿತ್ತು! ಕಾರಿನ ನಂಬರ್ ಇರಬೇಕಾದ ಜಾಗ ಖಾಲಿ.

ಇದಕ್ಕಿಂತ ಜಾಣ ಕಳ್ಳರೂ ಇದ್ದಾರೆ. ಆ ನುಣುಪು ಜಾಗವನ್ನ ಉಜ್ಜಿ, ಬೇಕಾದ ನಂಬರನ್ನ ಹೊಸದಾಗಿ ಒತ್ತುತ್ತಾರೆ. ಅವರನ್ನ ಹಿಡಿಯೋಕೂ ಉಪಾಯ ಇದೆ. ಫ್ಯಾಕ್ಟರಿಯ ಯಂತ್ರ ಆ ಜಾಗವನ್ನ ಸವರಿದಾಗ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಬಿದ್ದಿರ್ತವೆ. ಉಜ್ಜಿದರೆ ಗೆರೆ ಹೋಗುತ್ತೆ. ನಂಬರ್ ಇದೆ, ಗೆರೆ ಇಲ್ಲ ಅಂದರೆ ಅನುಮಾನ ಪಡಬೇಕು. ಹಾಗೇ ಜನರಲ್ ಮೋಟಾರ್ಸ್ ಕಾರುಗಳಲ್ಲಿ 1960ರ ದಶಕದ ನಡುವಿನಿಂದ ನಂಬರ್ ಪ್ಲೇಟನ್ನ ಪುಟ್ಟ ಹೂವಿನ ಆಕಾರದ ರಿವೆಟ್ ಹೊಡೆದು ಕೂರಿಸ್ತಿದ್ದರು. ಅಲ್ಲಿ ಸಾದಾ ರಿವೆಟ್ ಕಂಡರೆ ಯಾರೋ ಕೈ ಹಾಕಿದ್ದಾರೆ ಅಂತ.

ನಮ್ಮ ಶಾಸನ ಓದೋರಿಗೆ ಇದೆಲ್ಲ ಹೊಸದಲ್ಲ ಅಲ್ವಾ? ಗಂಗರ ಹೆಸರಿನ ಹಲವು ತಾಮ್ರಪಟಗಳನ್ನ ಫ್ಲೀಟ್ ಸಾಹೇಬರು ಖೋಟಾ ಅಂದರು. ಅವುಗಳಲ್ಲಿ ಹೇಳಿದ ಕಾಲ ಒಂದು, ಲಿಪಿ ನೋಡಿದರೆ ಅದಕ್ಕಿಂತ ಈಚಿನದ್ದು ಅನ್ನೋದು ಅವರ ವಾದ. ರೈಸ್ ಸಾಹೇಬರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ದಾನ ಪಡೆದ ಭೂಮಿಗೆ ದಾಖಲೆ ಬೇಕಿದ್ದವನು ಹಳೇ ರಾಜನ ಹೆಸರಲ್ಲಿ ಪಟ ಕೆತ್ತಿಸಿದ, ಡಾಲರ್ ಬೇಕಿದ್ದವನು ಹಳೇ ಫ್ಯಾಕ್ಟರಿಯ ಹೆಸರಲ್ಲಿ ಬ್ಲಾಕ್ ಕೆತ್ತಿದ. ಲೋಹ ಬೇರೆ, ಬುದ್ಧಿ ಒಂದೇ.

*

ಲೋಹ ಸುಳ್ಳು ಹೇಳಿದಾಗ ಕೈ ಹಿಡಿಯೋದು ಕಾಗದ. ಇಲ್ಲೇ ನನಗೆ ತುಂಬ ಆಶ್ಚರ್ಯ ಆಗಿದ್ದು. ಈ ಕಾರುಗಳಿಗೆ ಅತ್ಯಂತ ಬೆಲೆಬಾಳೋ ಸಾಕ್ಷಿ ಅಂದರೆ ಯಾರೂ ಉಳಿಸಬೇಕು ಅಂತ ಉಳಿಸದ ಒಂದು ಹಾಳೆ. ಬಿಲ್ಡ್ ಶೀಟ್ ಅಂತಾರೆ. ಈ ಕಾರಿಗೆ ಯಾವ ಇಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣ ಅಂತ ಲೈನಿನ ಕೆಲಸಗಾರರಿಗೆ ಹೇಳೋಕೆ ಪ್ರಿಂಟ್ ಆದ ಚೀಟಿ. ಕೆಲಸ ಮುಗಿದ ಮೇಲೆ ಕಸ. ಆದರೆ ಕೆಲಸಗಾರರು ಅದನ್ನ ಸೀಟಿನ ಸ್ಪ್ರಿಂಗ್ ಒಳಗೆ ತುರುಕಿಬಿಡ್ತಿದ್ದರು, ಕೆಲವು ಕಾರಲ್ಲಿ ಕಾರ್ಪೆಟ್ ಕೆಳಗೆ. 1967ರಿಂದೀಚಿನ ಕಾರ್ವೆಟ್ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ನೆತ್ತಿಗೆ ಅಂಟಿಸ್ತಿದ್ದರು. ಐವತ್ತು ವರ್ಷ ಆದ ಮೇಲೆ ಸೀಟು ಹರಿದಾಗ, ಟ್ಯಾಂಕ್ ಇಳಿಸಿದಾಗ, ಇಲಿ ಕಡಿದ ಆ ಹಾಳೆ ಸಿಕ್ಕರೆ ಮಾಲೀಕ ಕುಣಿದಾಡ್ತಾನೆ. ಕಾರಿನ ಜಾತಕ ಅದು.

ಜಾತಕ ಕಳೆದುಹೋದವರಿಗೆ ಕಂಪನಿಯ ಕಡತ ಇದ್ದರೆ ಪುಣ್ಯ. ಪಾಂಟಿಯಾಕ್‌ನ 1961ರಿಂದೀಚಿನ ಬಿಲ್ಲುಗಳು ಉಳಿದಿವೆ, ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅನ್ನೋರು ಅದರ ಪ್ರತಿ ಕೊಡ್ತಾರೆ. ಪಾಂಟಿಯಾಕ್ ಕಂಪನಿಯೇ 2010ರಲ್ಲಿ ಮುಚ್ಚಿಹೋಯ್ತು, ಬಿಲ್ಲು ಉಳೀತು! ಫೋರ್ಡ್‌ನ 1967ರಿಂದೀಚಿನ ಉತ್ಪಾದನೆಯ ದಾಖಲೆ ಅರಿಜೋನಾದ ಕೆವಿನ್ ಮಾರ್ಟಿ ಅನ್ನೋರ ಹತ್ತಿರ ಇದೆ. ಕಾರಿನ ನಂಬರ್ ಕೊಟ್ಟರೆ ಅದು ಯಾವತ್ತು ತಯಾರಾಯ್ತು, ಏನೇನಿತ್ತು, ಯಾವ ಡೀಲರಿಗೆ ಹೋಯ್ತು ಅಂತ ವರದಿ ಬರುತ್ತೆ. ಆದರೆ ಅಮೆರಿಕದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದ ಶೆವ್ರೊಲೆಯ ಒಂದೊಂದು ಕಾರಿನ ಇಂಥ ದಾಖಲೆ ಉಳಿಯಲೇ ಇಲ್ಲ. ಹಾಗಾಗಿ ಶೆವೆಲ್ ಮಾಲೀಕನಿಗೆ ಸೀಟಿನ ಸ್ಪ್ರಿಂಗೇ ಗತಿ.

*

ಇಷ್ಟು ಓದಿದ ಮೇಲೆ ನಿಮಗೆ ಹೊಳೆದಿರಬಹುದು. ಸಾಕ್ಷಿ ಎಲ್ಲಾ ಇರೋದು ಎಣ್ಣೆ ಜಿಡ್ಡಿನಲ್ಲಿ, ತುಕ್ಕಿನಲ್ಲಿ, ಹರಿದ ಸೀಟಿನಲ್ಲಿ. ರಿಸ್ಟೋರ್ ಮಾಡೋದು ಅಂದರೆ ಇವನ್ನೆಲ್ಲ ತೆಗೆದು ಎಸೆಯೋದು. ಅಂದರೆ ಕಾರು ಉಳಿಸೋಕೆ ಹೊರಟವನೇ ಅದರ ಚರಿತ್ರೆ ಅಳಿಸ್ತಾನೆ. ಊರ ದೇವಸ್ಥಾನದ ಜೀರ್ಣೋದ್ಧಾರ ಅಂತ ಹೊಯ್ಸಳರ ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದನ್ನ ನಾವೆಲ್ಲ ನೋಡಿಲ್ವೇ? ಭಕ್ತಿಯಿಂದಲೇ ಮಾಡಿದ್ದು, ಅನುಮಾನ ಇಲ್ಲ. ಆದರೆ ಶಾಸನ ಮುಚ್ಚಿಹೋಯ್ತು.

ಅಮೆರಿಕದವರಿಗೂ ಇದು ಅರ್ಥವಾಗೋಕೆ ಬಹಳ ಕಾಲ ಹಿಡೀತು. 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳೇ ಕಾರಿನವರ ಸಂಘ ಶುರುವಾಯ್ತು, ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ. ಅವರ ಸ್ಪರ್ಧೆಯಲ್ಲಿ 400 ಅಂಕದಿಂದ ಶುರು ಮಾಡಿ ತಪ್ಪು ಕಂಡ ಹಾಗೆಲ್ಲ ಕಳೀತಾ ಹೋಗ್ತಾರೆ. ಡೀಲರ್ ಗಿರಾಕಿಗೆ ಕೊಡೋ ದಿನ ಕಾರು ಹೇಗಿದ್ದಿರಬಹುದೋ ಹಾಗಿರಬೇಕು ಅನ್ನೋದು ನಿಯಮ. ಮನುಷ್ಯನ ಆಸೆ ಗೊತ್ತಲ್ಲ, ಎಲ್ಲರೂ ಫಳಫಳ ಹೊಳೆಸತೊಡಗಿದರು. ಫ್ಯಾಕ್ಟರಿಯಲ್ಲಿ ಎಂದೂ ಇರದ ಹೊಳಪು!

1974ರಲ್ಲಿ ಕಾರ್ವೆಟ್ ರಿಸ್ಟೋರ್ ಮಾಡೋರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಇವರು ಪಕ್ಕಾ ಮಡಿವಂತರು. ನೂರಕ್ಕೆ 94 ಅಂಕ ಬಂದರೆ ಮಾತ್ರ ಮೊದಲ ದರ್ಜೆ. ಹೊಳಪು ಜಾಸ್ತಿಯಾದರೂ ಅಂಕ ಕಟ್. ಪೇಂಟ್ ಫ್ಯಾಕ್ಟರಿಯಲ್ಲಿ ಎಲ್ಲಿ ಸೋರಿತ್ತೋ ಅಲ್ಲಿ ಸೋರಿರಬೇಕು, ಕೆಲಸಗಾರ ಬಳಪದಲ್ಲಿ ಎಲ್ಲಿ ಗುರುತು ಹಾಕ್ತಿದ್ದನೋ ಅಲ್ಲಿ ಗುರುತಿರಬೇಕು. ಹಾಗಾಗಿ ಈಗ ಕೆಲವರು ಸಾವಿರಾರು ಡಾಲರ್ ಖರ್ಚು ಮಾಡಿ ಫ್ಯಾಕ್ಟರಿಯವರ ಅವಸರದ ಕೆಲಸವನ್ನ ಬಹಳ ಜಾಗ್ರತೆಯಿಂದ ಮತ್ತೆ ಮಾಡ್ತಾರೆ :-)

ನಗು ಬರುತ್ತೆ ನಿಜ. ಆದರೆ ಈ ಮಡಿವಂತಿಕೆಯಿಂದ ಒಂದು ಒಳ್ಳೇದಾಯ್ತು. ಬಳಪದ ಗುರುತು ಎಲ್ಲಿತ್ತು ಅಂತ ತಿಳಿಯೋಕೆ ಕೈ ಮುಟ್ಟದ ಕಾರೊಂದು ಎಲ್ಲಾದರೂ ಇರಬೇಕಲ್ಲ? ಹಾಗೆ ಹಾಳುಬಿದ್ದ ಹಳೇ ಕಾರಿಗೆ ಹೊಳೆಯೋ ಕಾರಿಗಿಂತ ಗೌರವ ಬಂತು. ರಿಸ್ಟೋರ್ ಎಷ್ಟು ಸಲ ಬೇಕಾದರೂ ಮಾಡಬಹುದು, ಒರಿಜಿನಲ್ ಆಗಿರೋಕೆ ಒಂದೇ ಸಲ ಸಾಧ್ಯ ಅನ್ನೋ ಮಾತು ಈಗ ಎಲ್ಲರ ಬಾಯಲ್ಲಿದೆ. 2014ರಲ್ಲಿ ಅಮೆರಿಕ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆ ಶುರು ಮಾಡಿತು. ಅದರ ಮೊದಲ ಕಾರು 1964ರ ಶೆಲ್ಬಿ ಕೋಬ್ರಾ ಡೇಟೋನಾ ಕೂಪ್. ಅಂಥವು ತಯಾರಾಗಿದ್ದೇ ಆರು. ಅದರ ಅಳತೆ, ಫೋಟೋ, ಚರಿತ್ರೆ ಎಲ್ಲಾ ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

*

ರಿಸ್ಟೋರ್ ಮಾಡಿದ್ದಕ್ಕೇ ಕಾರು ಜೈಲಿಗೆ ಹೋದ ಕಥೆಯೂ ಒಂದಿದೆ. ಕಾನ್ಸಸ್ ರಾಜ್ಯದ ಒಬ್ಬರು 2016ರಲ್ಲಿ 50 ಸಾವಿರ ಡಾಲರ್ ಕೊಟ್ಟು ಚೆನ್ನಾಗಿ ರಿಸ್ಟೋರ್ ಆದ 1959ರ ಕಾರ್ವೆಟ್ ಕೊಂಡರು. ಮುಂದಿನ ವರ್ಷ ರಿಜಿಸ್ಟರ್ ಮಾಡಿಸೋಕೆ ಹೋದರೆ ಪೊಲೀಸರು ನಂಬರ್ ಪ್ಲೇಟಿನ ರಿವೆಟ್ ನೋಡಿದರು. ಹಿಂದೆ ಯಾರೋ ಪೇಂಟ್ ಮಾಡೋವಾಗ ಪ್ಲೇಟ್ ತೆಗೆದು ಮತ್ತೆ ಕೂರಿಸಿದ್ದರು. ಪ್ಲೇಟ್ ಅದೇ, ಕಾರು ಅದೇ. ಆದರೆ ಆಗಿನ ರಾಜ್ಯದ ಕಾನೂನಿನ ಪ್ರಕಾರ ನಂಬರ್ ಪ್ಲೇಟ್ ತೆಗೆದ ವಾಹನವನ್ನ ಜಪ್ತಿ ಮಾಡಿ ನಾಶ ಮಾಡಬೇಕು! ಕಳ್ಳರಿಗಾಗಿ ಮಾಡಿದ ಕಾನೂನು. ಕೊಂಡವರು ನಿರ್ದೋಷಿ ಅಂತ ಎಲ್ಲರೂ ಒಪ್ಪಿದರೂ ಕಾರು ವರ್ಷಗಟ್ಟಲೆ ಪೊಲೀಸರ ವಶದಲ್ಲೇ ಕೊಳೀತು. 2022ರಲ್ಲಿ ಹಳೇ ಕಾರುಗಳಿಗೆ ರಿಯಾಯಿತಿ ಕೊಟ್ಟು ಕಾನೂನು ತಿದ್ದಿದರು. ಎರಡು ಪುಟ್ಟ ರಿವೆಟ್ಟಿಗಾಗಿ ಒಂದು ರಾಜ್ಯದ ಕಾನೂನೇ ಬದಲಾಗಬೇಕಾಯ್ತು ನೋಡಿ.

ಇದಕ್ಕೆ ಉಲ್ಟಾ ಇನ್ನೊಂದು ಕಥೆ. 1968ರಲ್ಲಿ ಸ್ಟೀವ್ ಮೆಕ್ವೀನ್ ನಟಿಸಿದ 'ಬುಲ್ಲಿಟ್' ಸಿನಿಮಾ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಹಸಿರು ಮಸ್ಟಾಂಗ್ ಓಡೋ ದೃಶ್ಯ ನೀವು ನೋಡೇ ಇರ್ತೀರಿ. ಶೂಟಿಂಗಿಗೆ ಎರಡು ಕಾರು, ನಂಬರ್ ಕೂಡ ಅಕ್ಕಪಕ್ಕದ್ದು, 125558 ಮತ್ತು 125559 ಅಂತ ಕೊನೆಯಾಗೋದು. ಹಾರಿಸಿ ಬೀಳಿಸಿದ ಕಾರು ಕಣ್ಮರೆಯಾಯ್ತು. ಇನ್ನೊಂದನ್ನ 1974ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ರಾಬರ್ಟ್ ಕೀರ್ನನ್ ಅನ್ನೋರು 6 ಸಾವಿರ ಡಾಲರಿಗೆ ಕೊಂಡರು. ಅವರ ಹೆಂಡತಿ ಶಾಲಾ ಟೀಚರ್. ಆ ಕಾರಲ್ಲೇ ಶಾಲೆಗೆ ಹೋಗಿ ಬರ್ತಿದ್ದರು! 1977ರಲ್ಲಿ ಸ್ವತಃ ಮೆಕ್ವೀನ್ ಕಾಗದ ಬರೆದು ಕಾರು ವಾಪಸ್ ಕೇಳಿದರೂ ಇವರು ಕೊಡಲಿಲ್ಲ. 1980ರ ಹೊತ್ತಿಗೆ ಕ್ಲಚ್ ಹೋಯ್ತು, ಕಾರು ಒಳಗೆ ಸೇರಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ಸುದ್ದಿಯೇ ಇಲ್ಲ.

2014ರಲ್ಲಿ ರಾಬರ್ಟ್ ತೀರಿಕೊಂಡರು. ಮಗ ಮಾರ್ಟಿಯವರನ್ನ ಕರೆಸಿ ಪರೀಕ್ಷೆ ಮಾಡಿಸಿದರು. ಕ್ಯಾಮೆರಾ ಕೂರಿಸೋಕೆ ಅಡಿಯಲ್ಲಿ ಬೆಸೆದ ಕಬ್ಬಿಣ, ಶೂಟಿಂಗಿಗಾಗಿ ಕೊರೆದ ತೂತು, ಎಲ್ಲಾ ಹಾಗೇ ಇತ್ತು. ಮಾಸಿದ ಹಸಿರು, ತುಕ್ಕು, ಡೆಂಟು, ಎಲ್ಲಾ. ಅವರು ಅಚ್ಚುಕಟ್ಟಾಗಿ ಪೇಂಟ್ ಮಾಡಿಸಿದ್ದಿದ್ದರೆ? ಇನ್ನೊಂದು ಹಸಿರು ಮಸ್ಟಾಂಗ್, ಅಷ್ಟೆ. 2018ರ ಜನವರಿಯಲ್ಲಿ ಡೆಟ್ರಾಯಿಟ್ ಆಟೋ ಶೋನಲ್ಲಿ ಅದನ್ನ ತೋರಿಸಿದರು. 2020ರ ಜನವರಿ 10ರಂದು ಫ್ಲೋರಿಡಾದ ಹರಾಜಿನಲ್ಲಿ, ಆ ಮಾಸಿದ ಬಣ್ಣದಲ್ಲೇ, 34 ಲಕ್ಷ ಡಾಲರಿಗೆ ಹೋಯ್ತು. ಫೀಸು ಸೇರಿ 37 ಲಕ್ಷ 40 ಸಾವಿರ.

ಕಣ್ಮರೆಯಾಗಿದ್ದ ಇನ್ನೊಂದು 2017ರಲ್ಲಿ ಸುದ್ದಿಯಾಯ್ತು. ಸಿಕ್ಕಿದ್ದು ಮೆಕ್ಸಿಕೋದಲ್ಲಿ. ಕೊಂಡವರು ಅದನ್ನ ಬೇರೊಂದು ಸಿನಿಮಾ ಕಾರಿನ ನಕಲು ಮಾಡೋಕೆ ಹೊರಟಿದ್ದರು! ಯಾಕೋ ಅನುಮಾನ ಬಂದು ನಂಬರ್ ವಿಚಾರಿಸಿದ್ದರಿಂದ ಉಳೀತು. ಅಸಲಿಯನ್ನ ಕತ್ತರಿಸಿ ನಕಲಿ ಮಾಡೋಕೆ ಹೊರಟಿದ್ದನ್ನ ತಡೆದಿದ್ದು ಆ ನಂಬರ್ ಒಂದೇ.

*

ಹಾಗಂತ ರಿಸ್ಟೋರ್ ಮಾಡಲೇಬಾರದು ಅಂತ ನಾನು ಹೇಳಲ್ಲ. ಕೆಲವು ಸಲ ಬೇರೆ ದಾರಿ ಇರಲ್ಲ. 2014ರ ಫೆಬ್ರವರಿ 12ರ ಬೆಳಗಿನ ಜಾವ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿರೋ ಕಾರ್ವೆಟ್ ಮ್ಯೂಸಿಯಮ್ಮಿನ ನೆಲ ಕುಸಿದು ಎಂಟು ಕಾರು ಗುಂಡಿಗೆ ಬಿದ್ದವು. ಅದರಲ್ಲೊಂದು 1992ರಲ್ಲಿ ತಯಾರಾದ ಹತ್ತು ಲಕ್ಷದ ಕಾರ್ವೆಟ್. ಮೂರನ್ನ ರಿಪೇರಿ ಮಾಡೋದು, ಐದನ್ನ ನಜ್ಜುಗುಜ್ಜಾದ ಹಾಗೇ ಇಡೋದು ಅಂತ ತೀರ್ಮಾನವಾಯ್ತು. ಹಾಗೇ ಇಡೋದೂ ಒಂದು ತೀರ್ಮಾನ ಅನ್ನೋದು ನನಗೆ ಹಿಡಿಸ್ತು.

ಹತ್ತು ಲಕ್ಷದ ಕಾರನ್ನ ಇಲ್ಲೇ ನಮ್ಮ ಹತ್ತಿರದ ವಾರನ್ ಊರಿಗೆ, ಜನರಲ್ ಮೋಟಾರ್ಸ್‌ನ ಟೆಕ್ ಸೆಂಟರಿಗೆ ತಂದರು. ಬಿಚ್ಚಿ ನೋಡಿದರೆ ಒಳಗಿನ ಭಾಗಗಳ ಮೇಲೆ ಸಹಿಗಳು! 1992ರಲ್ಲಿ ಅದನ್ನ ಕಟ್ಟಿದ ಕೆಲಸಗಾರರು, ಹೊರಗೆ ಯಾರಿಗೂ ಕಾಣದ ಜಾಗದಲ್ಲಿ ತಮ್ಮ ಹೆಸರು ಬರೆದಿದ್ದರು. ರಿಪೇರಿ ಮಾಡೋರಿಗೆ ಕೆಲಸ ಕಷ್ಟವಾಯ್ತು. ಹೊಸ ಭಾಗ ಹಾಕೋದು ಸುಲಭ, ಆದರೆ ಸಹಿ ಹೋಗುತ್ತಲ್ಲ. ಹಾಗಾಗಿ ಒಡೆದ ಭಾಗಗಳನ್ನೂ ಸಾಧ್ಯವಾದಷ್ಟು ಸರಿಮಾಡಿ ಮತ್ತೆ ಹಾಕಿದರು. ಉಳಿಸೋಕೆ ಆಗದೇ ಹೋದ ಎರಡು ಭಾಗದ ಸಹಿಗಳನ್ನ ಸ್ಕ್ಯಾನ್ ಮಾಡಿ ಹೊಸ ಭಾಗಕ್ಕೆ ಅಂಟಿಸೋ ವ್ಯವಸ್ಥೆ ಮಾಡಿದರು. 2015ರ ಸೆಪ್ಟೆಂಬರಿನಲ್ಲಿ ಕಾರು ಮ್ಯೂಸಿಯಮ್ಮಿಗೆ ವಾಪಸ್ ಹೋಯ್ತು. ಹೊರಗಿನಿಂದ ನೋಡಿದರೆ ಈಗಲೂ ಸಹಿ ಕಾಣಲ್ಲ. ಒಳಗಿದೆ.

ಇದನ್ನ ಯಜಮಾನರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಹಾಗೆ ಬರೀತಿದ್ವಿ, ಸೂಪರ್ವೈಸರ್ ಆ ಕಡೆ ಹೋದಾಗ" ಅಂದ್ರು.

ಅವರ ಶೆವೆಲ್ ಏನಾಯ್ತು ಅಂತ ಕೇಳ್ತೀರಾ? ಮಾರಿದವನು ಸಿಗಲಿಲ್ಲ. "ನೀವೂ ಎಸ್ಎಸ್ ಅಂತಲೇ ಇನ್ನೊಬ್ಬರಿಗೆ ದಾಟಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ" ಅಂತ ಹೇಳಿದವರೂ ಇದ್ದರು. ಅವರು ಹಾಗೆ ಮಾಡಲಿಲ್ಲ. ಒಂದು ದಿನ ಗ್ಯಾರೇಜಿನಲ್ಲಿ ಕೂತು ಎಸ್ಎಸ್ ಬ್ಯಾಡ್ಜುಗಳನ್ನೆಲ್ಲ ಕಿತ್ತರು. ಬಾಡಿಯಲ್ಲಿ ತೂತು ಉಳೀತು. ಮುಚ್ಚಿಸಲಿಲ್ಲ. ಆಮೇಲೆ ಎರಡು ಹಾಳೆ ತಗೊಂಡು ದಪ್ಪ ಅಕ್ಷರದಲ್ಲಿ ಎಲ್ಲಾ ಬರೆದರು: ಇದು ಮಾಲಿಬು, ಬಾಡಿ ಫೆಬ್ರವರಿಯದ್ದು, ಬ್ಲಾಕ್ ಮೇ 14ರದ್ದು, ತೂತು ಯಾಕಿದೆ, ಯಾವ ಭಾಗ ಯಾವಾಗ ಬದಲಾಯ್ತು. ಕೆಳಗೆ ತಾರೀಕು, ಸಹಿ. ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಂದಿನ ಸೀಟಿನ ಸ್ಪ್ರಿಂಗ್ ಒಳಗೆ ತುರುಕಿದರು.

ಕಳೆದ ಆಗಸ್ಟಿನಲ್ಲೂ ವುಡ್‌ವರ್ಡ್‌ಗೆ ಅದೇ ಕಾರಲ್ಲಿ ಹೋದ್ವಿ. ಮುಂದಿನ ಗಾಜಿನ ಹಿಂದೆ ಇಟ್ಟ ರಟ್ಟಿನಲ್ಲಿ '1970 ಮಾಲಿಬು' ಅಂತ ಅವರ ಕೈಬರಹ. ಇಂಜಿನ್ ಸದ್ದು ಕೇಳಿ ತಿರುಗಿ ನೋಡಿದ ಒಬ್ಬ ಹುಡುಗ "ಇದು ಎಸ್ಎಸ್ ಅಲ್ವಾ?" ಅಂತ ಕೇಳಿದ. "ಅಲ್ಲಪ್ಪ" ಅಂದ್ರು, ನಕ್ಕೊಂಡು ಗೇರ್ ಹಾಕಿದ್ರು.

ಬರೀತಾ ಬರೀತಾ ಉದ್ದ ಆಯ್ತು, ಕ್ಷಮಿಸಿ. ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಗಡಿಯಾರವೋ, ರೇಡಿಯೋವೋ, ಅಟ್ಟದ ಮೇಲಿನ ಪೆಟ್ಟಿಗೆಯೋ ಇರಬಹುದು. ಒರೆಸಿ ಪಾಲಿಶ್ ಹಾಕೋ ಮುಂಚೆ ಹಿಂದುಗಡೆ, ಅಡಿಗಡೆ ಒಮ್ಮೆ ನೋಡಿ. ಏನಾದರೂ ಸಿಕ್ಕರೆ ನಿಮ್ಮ ಬ್ಲಾಗಿನಲ್ಲಿ ಬರೀರಿ, ಇಲ್ಲಿ ಕಾಮೆಂಟ್ ಹಾಕಿ ತಿಳಿಸಿ. ಓದೋಕೆ ನಾನು ಬಂದೇ ಬರ್ತೀನಿ.

ಮತ್ತೆ ಸಿಗೋಣ.